ನಗರದ ದಂಗೆ, ಮೈಸೂರಿನ ಮಣೆ, ಪ್ಯಾರಿಸ್ಸಿನ ಪತ್ರಿಕೆ

ಮುಮ್ಮಡಿ ಕೃಷ್ಣರಾಜ ಒಡೆಯರ ಬಗ್ಗೆ ಶಾಲೆಯಲ್ಲಿ ಓದಿದವರಿಗೆ ಸಾಮಾನ್ಯವಾಗಿ ಎರಡು ಮಾತು ನೆನಪಿರುತ್ತವೆ. ದುಂದುವೆಚ್ಚ ಮಾಡಿ 1831ರಲ್ಲಿ ರಾಜ್ಯವನ್ನು ಬ್ರಿಟಿಷರ ಕೈಗೆ ಒಪ್ಪಿಸಿದರು ಎಂಬುದು ಒಂದು. ಆಮೇಲೆ ಅರಮನೆಯಲ್ಲಿದ್ದುಕೊಂಡು ಸಾಹಿತ್ಯ, ಸಂಗೀತ, ಚಿತ್ರ, ಚದುರಂಗ ಎಂದು ದಿನ ಕಳೆದರು ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕೇಳಿದವರ ಮನಸ್ಸಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮೂರನೆಯ ಮಾತೊಂದು ತಾನಾಗಿ ಕೂತುಬಿಡುತ್ತದೆ: ದೊರೆಗೆ ಆಟದ ಗೀಳು, ಅದಕ್ಕೇ ರಾಜ್ಯ ಹೋಯಿತು. ಈ ಮೂರನೆಯ ಮಾತು ಸುಳ್ಳು. ಅದರ ಬೇರು ಹುಡುಕುತ್ತ ಹೊರಟರೆ ದಾರಿ ಮೈಸೂರನ್ನು ಬಿಟ್ಟು ನಮ್ಮ ಕಡೆಗೇ ತಿರುಗುತ್ತದೆ, ನಗರ ಸೀಮೆಗೆ.

ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಆಗ ನಗರದ ಫೌಜದಾರಿಗೆ ಸೇರಿದ್ದವು. ನಗರ ಎಂದರೆ ಹಳೆಯ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರ ಎಂದು ಕರೆದ. ಅರಸರು ಬದಲಾದರೂ ರೈತರ ನೆನಪಿನಲ್ಲಿ ಒಂದು ಅಳತೆಗೋಲು ಉಳಿದಿತ್ತು. ಅದು 17ನೇ ಶತಮಾನದಲ್ಲಿ ಶಿವಪ್ಪ ನಾಯಕ ಹೊಲಗದ್ದೆ, ತೋಟಗಳನ್ನು ನೋಡಿ ಗೊತ್ತುಮಾಡಿದ ಕಂದಾಯ, ಜನರ ಬಾಯಲ್ಲಿ 'ಶಿಸ್ತು'. ಇಷ್ಟು ಅಡಿಕೆ ತೋಟಕ್ಕೆ ಇಷ್ಟು, ಇಂಥ ಗದ್ದೆಗೆ ಇಷ್ಟು ಎಂಬುದು ಅಜ್ಜನಿಂದ ಮೊಮ್ಮಗನಿಗೆ ಗೊತ್ತಿತ್ತು. ಆಮೇಲೆ ಬಂದ ಪ್ರತಿ ಹೆಚ್ಚುವರಿ ಪಟ್ಟಿಯನ್ನೂ ಜನ ಈ ಅಳತೆಗೆ ಹಿಡಿದೇ ನೋಡುತ್ತಿದ್ದರು.

1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಬಾಲಕ ಕೃಷ್ಣರಾಜರನ್ನು ಬ್ರಿಟಿಷರು ಪಟ್ಟಕ್ಕೆ ಕೂರಿಸಿದರು. ವರ್ಷಕ್ಕೆ ಏಳು ಲಕ್ಷ ವರಹ ಕಪ್ಪ ಕೊಡಬೇಕೆಂದು ಒಪ್ಪಂದವಾಯಿತು. ಆ ಹಣಕ್ಕೆ ಧಕ್ಕೆ ಬರುವಂತೆ ಕಂಡರೆ ಗವರ್ನರ್ ಜನರಲ್ ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದೆಂಬ ಕಲಮೂ ಅದರಲ್ಲಿತ್ತು. ದಿವಾನ್ ಪೂರ್ಣಯ್ಯ ಹನ್ನೊಂದು ಹನ್ನೆರಡು ವರ್ಷ ಆಡಳಿತ ನಡೆಸಿ, ಎರಡು ಕೋಟಿ ರೂಪಾಯಿಗೂ ಮಿಕ್ಕ ಭಂಡಾರವನ್ನು ಯುವ ದೊರೆಗೆ ಒಪ್ಪಿಸಿ, 1812ರಲ್ಲಿ ತೀರಿಕೊಂಡರು. ಆ ಭಂಡಾರ ಕರಗಿತು. ದಾನ, ದತ್ತಿ, ಉತ್ಸವ, ಆಸ್ಥಾನದ ಕೈಗಳು, ಎಲ್ಲವೂ ಸೇರಿ ಕರಗಿಸಿದವು. ಇದರಲ್ಲಿ ದೊರೆಯ ಹೊಣೆ ಇದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಭಂಡಾರ ಬರಿದಾದಾಗ ಬಂದದ್ದು 'ಶರತ್ತು'. ಅಮಲ್ದಾರ ತನ್ನ ತಾಲ್ಲೂಕಿನಿಂದ ಇಷ್ಟು ಹುಟ್ಟುವಳಿ ತಂದುಕೊಡುತ್ತೇನೆಂದು ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಿಮೆ ಬಿದ್ದರೆ ಅವನ ತಲೆಗೆ. ಕಾಗದದ ಮೇಲೆ ರೈತನನ್ನು ಹಿಂಸಿಸಬಾರದೆಂಬ ಮಾತೂ ಇತ್ತು. ಆದರೆ ತನ್ನ ತಲೆಗೆ ಬರುವುದನ್ನು ತಪ್ಪಿಸಿಕೊಳ್ಳಲು ಅಮಲ್ದಾರನಿಗೆ ರೈತನ ತಲೆಯೊಂದೇ ಸಿಗುತ್ತಿತ್ತು. ನಗರದಲ್ಲಿ ದೊಡ್ಡ ಹುದ್ದೆಗಳು ದೀರ್ಘಕಾಲ ಒಂದೇ ಬಂಧುವರ್ಗದ ಕೈಯಲ್ಲಿದ್ದವು. ಬಾಕಿ ಬೆಳೆಯಿತು, ಬಾಕಿಯ ವಸೂಲಿ ಅದಕ್ಕಿಂತ ಬೇಗ ಬೆಳೆಯಿತು.

1830ರ ಆಗಸ್ಟಿನಲ್ಲಿ ರೈತರು 'ಕೂಟ' ಸೇರತೊಡಗಿದರು. ಆ ಕಾಲದ ಕಡತಗಳಲ್ಲೂ ಇದೇ ಕನ್ನಡ ಪದ ಇದೆ. ಕೂಟ ಸೇರುವುದು, ಕಂದಾಯ ಕೊಡದಿರುವುದು, ಪಕ್ಕದ ಸೀಮೆಗೆ ಕಾಗದ ಕಳಿಸುವುದು, ಹೀಗೆ ಅದು ನಗರದಿಂದ ಆಚೆಗೂ ಹರಡಿತು. ಬೂದಿ ಬಸವಪ್ಪ ಎಂಬುವರು ತಾವೇ ಹಳೆಯ ನಗರದ ಅರಸುಮನೆತನದವರೆಂದು ಮುಂದೆ ಬಂದರು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕರೂ ಕೂಡಿಕೊಂಡರು. ಅಲ್ಲಿಗೆ ಕಂದಾಯದ ತಕರಾರು ಯುದ್ಧವಾಯಿತು. ಅರಮನೆಯ ಸೈನ್ಯ ಬಂತು, ಗಲ್ಲುಗಳು ಎದ್ದವು, ಕೊನೆಗೆ ಕಂಪನಿಯ ಪಡೆ ಬಂತು. 1831ರ ಜೂನ್‌ನಲ್ಲಿ ನಗರದ ಕೋಟೆ ಕಂಪನಿಯ ಕೈಸೇರಿತು. ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಮೈಸೂರಿಗೆ ಪತ್ರ ಬರೆದರು. ಅಕ್ಟೋಬರಿನಲ್ಲಿ ಮೂವತ್ತೇಳು ವರ್ಷ ವಯಸ್ಸಿನ ದೊರೆ ಆಡಳಿತವನ್ನು ಬಿಟ್ಟುಕೊಟ್ಟರು.

ಇಷ್ಟೆಲ್ಲ ನಡೆದಾಗ ಕನ್ನಡದಲ್ಲಿ ಒಂದೇ ಒಂದು ಪತ್ರಿಕೆ ಇರಲಿಲ್ಲ. ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರು ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು, ನಗರದ ಕೋಟೆ ಬಿದ್ದು ಹನ್ನೆರಡು ವರ್ಷವಾದ ಮೇಲೆ. ಹಾಗಾಗಿ ದಂಗೆಯ ಕಾರಣ ಏನು, ತಪ್ಪು ಯಾರದು ಎಂಬುದನ್ನು ಬರೆದವರೆಲ್ಲ ಇಂಗ್ಲಿಷಿನವರು: ಮೈಸೂರಿನ ರೆಸಿಡೆಂಟ್, ಮದರಾಸಿನ ಸರ್ಕಾರ, ಅವರ ವರದಿ ಓದಿದ ಕಲ್ಕತ್ತೆ. ದೂರದ ದೊರೆಯೊಬ್ಬನ ದುರಾಡಳಿತ ಎಂಬ ಒಂದು ಸಾಲಿನ ಉತ್ತರ ಅವರಿಗೆ ಬೇಕಾಗಿತ್ತು, ಸಿಕ್ಕಿತು. ರಾಜ್ಯವನ್ನು ಕೈಗೆ ತೆಗೆದುಕೊಂಡವರೇ ಅದನ್ನು ಏಕೆ ತೆಗೆದುಕೊಳ್ಳಬೇಕಾಯಿತೆಂದೂ ಬರೆದರು. ಮುಂದೆ ಲೂಯಿ ರೈಸ್ ಅವರ ಗೆಜೆಟಿಯರ್‌ಗೂ, ಅಲ್ಲಿಂದ ಪಠ್ಯಪುಸ್ತಕಗಳಿಗೂ ಇಳಿದದ್ದು ಬಹುಪಾಲು ಈ ಕಾಗದಗಳ ಸಾರವೇ. ರೈಸ್ ಅವರ ಬಗ್ಗೆ ನನಗೆ ಅಪಾರ ಗೌರವ ಇದೆ, ಶಾಸನಗಳನ್ನು ಓದಿ ನಮ್ಮ ಚರಿತ್ರೆಯನ್ನು ನಮಗೇ ತೋರಿಸಿಕೊಟ್ಟವರು ಅವರು. ಆದರೆ 1831ರ ವಿಷಯದಲ್ಲಿ ಅವರ ಎದುರಿಗಿದ್ದ ಕಡತ ಒಂದೇ ಕಡೆಯದು.

ಈಗ ಆಟದ ವಿಷಯ. ಮುಮ್ಮಡಿಯವರು ಎದುರಾಳಿಗಳನ್ನು ಸೋಲಿಸಿ ಪದಕ ಗೆದ್ದ ಚಾಂಪಿಯನ್ ಅಲ್ಲ. ಅವರು ರಾಜ್ಯ ಕಳೆದುಕೊಂಡ ಕಾಲಕ್ಕೆ ಅಂಥ ಪಂದ್ಯಾವಳಿಗಳೇ ಜಗತ್ತಿನಲ್ಲಿ ಇರಲಿಲ್ಲ. ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಚದುರಂಗ ಪಂದ್ಯಾವಳಿ ನಡೆದದ್ದು 1851ರಲ್ಲಿ. ಮುಮ್ಮಡಿಯವರ ಸಾಧನೆ ಆಟವನ್ನು ಕಟ್ಟುವುದರಲ್ಲಿದೆ. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ ಆಟಗಳಿಗೇ ದೊಡ್ಡ ಜಾಗ. ಮಣೆಯ ಆಟಗಳು, 'ಛದ' ಎಂದು ಕರೆದ ಗಂಜೀಫಾ ಎಲೆಗಳು, ಹೊಸದಾಗಿ ರೂಪಿಸಿದ ಪಗಡೆಯ ಬಗೆಗಳು ಹೀಗೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಈ ಆಟಗಳ ಮನೆಗಳನ್ನೇ ಚಿತ್ರವಾಗಿ ಬರೆಸಿದ್ದಾರೆ.

ಅವರ ಬುದ್ಧಿ ಎಲ್ಲಕ್ಕಿಂತ ತೀಕ್ಷ್ಣವಾಗಿ ಕಾಣುವುದು ಕುದುರೆಯ ನಡೆಯಲ್ಲಿ. ಚದುರಂಗದ ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಅಡ್ಡ ತಿರುಗುತ್ತದೆ. ಅದನ್ನು ಒಂದು ಮನೆಯಲ್ಲಿಟ್ಟು, ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ, ಅರವತ್ತನಾಲ್ಕು ಮನೆಗಳನ್ನೂ ಸುತ್ತಿಸಬೇಕು. ಮೆಟ್ಟಿದ ಕ್ರಮಕ್ಕೆ 1ರಿಂದ 64ರವರೆಗೆ ಅಂಕಿ ಬರೆಯುತ್ತ ಹೋಗಿ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದರೆ 260 ಬರುವ ಹಾಗೆ ಮಾಡುವುದು ಇನ್ನೂ ಕಠಿಣ. ಮುಮ್ಮಡಿಯವರು ಇದೇ ಬಗೆಯ ಕೆಲಸವನ್ನು ಹನ್ನೆರಡು ಹನ್ನೆರಡರ ಮಣೆಯ ಮೇಲೂ ಮಾಡಿದರು. ಅಲ್ಲಿ ಕುದುರೆ 144 ಮನೆ ಸುತ್ತಬೇಕು, ಪ್ರತಿ ಸಾಲಿನ ಮೊತ್ತ 870 ಆಗಬೇಕು. ಕಂಪ್ಯೂಟರಿನ ನೆರವಿಲ್ಲದ ಕಾಲ. ಗಣಿತವಿನೋದದ ಚರಿತ್ರೆ ಬರೆಯುವ ಯುರೋಪಿನವರು ಇವತ್ತಿಗೂ 'ಮೈಸೂರಿನ ರಾಜ'ರ ಹೆಸರನ್ನು ಅಲ್ಲಿ ಮರೆಯುವುದಿಲ್ಲ.

ಇದು ದೊರೆಯ ಖಾಸಗಿ ಖಯಾಲಿ ಮಾತ್ರ ಎನ್ನುವಂತಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಚದುರಂಗಕ್ಕೆ ಅಧ್ಯಾಯವೊಂದನ್ನು ಕೊಟ್ಟು, ಕುದುರೆಯನ್ನು ಮಣೆಯಿಡೀ ಸುತ್ತಿಸುವ ಬಗೆಯನ್ನೂ ಹೇಳಿದ್ದ. ಕಾವ್ಯದ ಕಡೆಯಿಂದ ನೋಡಿದರೆ ರುದ್ರಟ, ವೇದಾಂತದೇಶಿಕರಂಥವರು ಕುದುರೆ ನಡೆಯಲ್ಲಿ ಪದ್ಯದ ಅಕ್ಷರ ಹೆಣೆದಿದ್ದಾರೆ. ಏಳು ನೂರು ವರ್ಷ ಕನ್ನಡ ನೆಲದಲ್ಲಿ ಬಾಳಿದ ವಿದ್ಯೆಗೆ ಮುಮ್ಮಡಿಯವರು ತಮ್ಮ ಕಾಲದಲ್ಲಿ ಹೊಸ ಜೀವ ಕೊಟ್ಟರು.

ವರ್ಷಗಳನ್ನು ಎದುರುಬದುರು ಇಟ್ಟು ನೋಡಿ. ರಾಜ್ಯ ಕೈತಪ್ಪಿದ್ದು 1831. ಜಗನ್ಮೋಹನದ ಗೋಡೆಗಳು 1861ರವು. ಆಟದ ದೊಡ್ಡ ಕೆಲಸಗಳೆಲ್ಲ ರಾಜ್ಯ ಹೋದ ಮೇಲಿನ ದಶಕಗಳವು. ರಾಜ್ಯ ಹೋದದ್ದಕ್ಕೆ ಕುದುರೆಯ ನಡೆ ಕಾರಣವಾಗಲು ಸಾಧ್ಯವೇ ಇಲ್ಲ. ಅಧಿಕಾರವಿಲ್ಲದ ದೊರೆಯೊಬ್ಬರು ಉಳಿದ ಆಯುಷ್ಯವನ್ನು ವಿದ್ಯೆಗೆ ಕೊಟ್ಟರು, ಅದೇ ಆಮೇಲೆ ಅವರ ಅನರ್ಹತೆಯ ಹಿಂದಿನ ಕಥೆಗೆ ಪುರಾವೆಯಂತೆ ಓದಿಸಿಕೊಂಡಿತು.

ಯುದ್ಧ, ಕಾಗದ, ಚದುರಂಗ ಮೂರೂ ಒಬ್ಬನ ಹೆಸರಿನ ಮೇಲೆ ಹೇಗೆ ಹೊರಳುತ್ತವೆ ಎಂಬುದಕ್ಕೆ ಜಗತ್ತಿಗೆ ಗೊತ್ತಿರುವ ದೊಡ್ಡ ಉದಾಹರಣೆ ಅಲೆಕ್ಸಾಂಡರ್ ಅಲೆಖಿನ್. ಅವರ ಕಥೆಯನ್ನು ಪೂರ್ತಿ ಹೇಳಬೇಕು. ಅದನ್ನು ತಿಳಿದ ಮೇಲೆ ಮೈಸೂರಿನ ಕಥೆ ಬೇರೆಯಾಗಿ ಕಾಣುತ್ತದೆ.

ಅಲೆಖಿನ್ 1892ರಲ್ಲಿ ಮಾಸ್ಕೋದಲ್ಲಿ ಶ್ರೀಮಂತರ ಮನೆಯಲ್ಲಿ ಹುಟ್ಟಿದರು. 1914ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ಪಂದ್ಯಾವಳಿಯಲ್ಲಿ ಅವರು ಎಲ್ಲರಿಗಿಂತ ಮುಂದಿದ್ದಾಗಲೇ ಮೊದಲ ಮಹಾಯುದ್ಧ ಶುರುವಾಯಿತು. ರಷ್ಯದ ಆಟಗಾರರನ್ನೆಲ್ಲ ಹಿಡಿದು ಒಳಗಿಟ್ಟರು. ಕ್ರಾಂತಿಯ ನಂತರ ಒಡೆಸ್ಸಾದಲ್ಲಿ ಬೊಲ್ಷೆವಿಕ್ ರಹಸ್ಯ ಪೊಲೀಸರ ಸೆರೆಯಲ್ಲಿದ್ದು ಬದುಕಿ ಬಂದರು. 1921ರಲ್ಲಿ ರಷ್ಯ ಬಿಟ್ಟು ಫ್ರಾನ್ಸ್ ಸೇರಿದರು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ, ಸೋಲಿಸಲಾಗದವರೆಂದು ಹೆಸರಾಗಿದ್ದ ಕಾಪಾಬ್ಲಾಂಕಾ ಅವರನ್ನು 34 ಆಟಗಳ ಹೋರಾಟದಲ್ಲಿ ಆರು ಗೆದ್ದು, ಮೂರು ಸೋತು ಕೆಳಗಿಳಿಸಿದರು. ಲೋಕದ ಚಾಂಪಿಯನ್ ಆದರು.

ಪತ್ರಿಕೆಯ ಮೊದಲ ಏಟು ಬಿದ್ದದ್ದು ಅದರ ಬೆನ್ನಿಗೇ. ಪ್ಯಾರಿಸ್ಸಿನಲ್ಲಿ ವಲಸಿಗ ರಷ್ಯನ್ನರು ಕೊಟ್ಟ ಔತಣದಲ್ಲಿ ಅವರು ಮಾತಾಡಿದರು. ಕಾಪಾಬ್ಲಾಂಕಾ ಅಜೇಯರೆಂಬ ನಂಬಿಕೆ ಒಡೆದಂತೆ ಬೊಲ್ಷೆವಿಕರು ಅಜೇಯರೆಂಬ ನಂಬಿಕೆಯೂ ಒಡೆಯಲಿ ಎಂಬ ಅರ್ಥದ ಮಾತನ್ನು ವಲಸಿಗರ ಪತ್ರಿಕೆಗಳು ಅಚ್ಚು ಹಾಕಿದವು. ಮಾಸ್ಕೋದಲ್ಲಿ ಸೋವಿಯತ್ ಚದುರಂಗದ ಯಜಮಾನ ನಿಕೊಲಾಯ್ ಕ್ರಿಲೆಂಕೊ ತಕ್ಷಣ ಬರೆದರು: ಅಲೆಖಿನ್ ಇನ್ನು ನಮ್ಮ ಶತ್ರು. ರಷ್ಯದಲ್ಲೇ ಉಳಿದಿದ್ದ ಸ್ವಂತ ಅಣ್ಣನೂ ತಮ್ಮನ ಮಾತನ್ನು ಖಂಡಿಸಿ ಬಹಿರಂಗ ಪತ್ರ ಬರೆದರು. ಊಟದ ಮೇಜಿನ ಮುಂದೆ ಆಡಿದ ಒಂದು ಮಾತು, ಒಂದು ಪತ್ರಿಕೆಯ ವರದಿ, ಅಷ್ಟರಿಂದ ತವರಿನ ಬಾಗಿಲು ಮುಚ್ಚಿತು.

ಎರಡನೆಯ ಮಹಾಯುದ್ಧ ಶುರುವಾದಾಗ ಅಲೆಖಿನ್ ಬ್ಯೂನಸ್ ಐರಿಸ್‌ನ ಚದುರಂಗ ಒಲಿಂಪಿಯಾಡಿನಲ್ಲಿ ಫ್ರಾನ್ಸ್ ತಂಡದ ನಾಯಕರು. ಜರ್ಮನಿಯ ವಿರುದ್ಧ ಫ್ರಾನ್ಸ್ ಆಡಲಿಲ್ಲ. ಹಿಂದಿರುಗಿ ಫ್ರೆಂಚ್ ಸೈನ್ಯದಲ್ಲಿ ದುಭಾಷಿಯಾದರು. 1940ರಲ್ಲಿ ಫ್ರಾನ್ಸ್ ಸೋತಿತು, ಪ್ಯಾರಿಸ್ ಜರ್ಮನರ ಕೈಸೇರಿತು. 1941ರ ಮಾರ್ಚ್ 18ರಿಂದ 23ರವರೆಗೆ, ಆಕ್ರಮಣಕಾರರೇ ಪ್ಯಾರಿಸ್ಸಿನಲ್ಲಿ ಹೊರಡಿಸುತ್ತಿದ್ದ ಜರ್ಮನ್ ದಿನಪತ್ರಿಕೆ 'ಪರೀಸರ್ ತ್ಸೈಟುಂಗ್'ನಲ್ಲಿ ಲೋಕದ ಚಾಂಪಿಯನ್ ಅಲೆಖಿನ್ ಅವರ ಹೆಸರಿನಲ್ಲಿ ಲೇಖನಮಾಲೆ ಬಂತು. ಯಹೂದಿಗಳ ಚದುರಂಗ, ಆರ್ಯರ ಚದುರಂಗ ಎಂದು ಅದು ಆಟವನ್ನು ರಕ್ತದಿಂದ ಸೀಳಿತು. ಯಹೂದಿ ಆಟಗಾರರದ್ದು ಹೇಡಿಗಳ ಆಟ, ಕಾಯ್ದುಕೂತು ಲಾಭ ಕಸಿಯುವ ಆಟ. ದಾಳಿ, ಧೈರ್ಯ, ಸೃಷ್ಟಿ ಎಲ್ಲ ಆರ್ಯರದ್ದು ಎಂಬುದು ಅದರ ವಾದ. ಸ್ಟೈನಿಟ್ಜ್, ನಿಮ್ಜೊವಿಚ್ ಮುಂತಾದ ದೊಡ್ಡ ಹೆಸರುಗಳನ್ನೆಲ್ಲ ಕೆಸರಿಗೆ ಎಳೆಯಿತು. ಇಪ್ಪತ್ತೇಳು ವರ್ಷ ಲೋಕದ ಚಾಂಪಿಯನ್ ಆಗಿದ್ದ ಎಮಾನುಯೆಲ್ ಲಾಸ್ಕರ್ ನಾಜಿಗಳಿಂದ ಮನೆಮಠ ಕಳೆದುಕೊಂಡು, ದೇಶ ದೇಶ ಅಲೆದು, ಎರಡು ತಿಂಗಳ ಹಿಂದೆಯಷ್ಟೇ, ಜನವರಿ 11ರಂದು, ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದರು. ಅವರನ್ನೂ ಬಿಡಲಿಲ್ಲ.

ಲೇಖನಗಳು ನೆದರ್ಲೆಂಡ್ಸಿನ ಜರ್ಮನ್ ಪತ್ರಿಕೆಯಲ್ಲಿ, ಜರ್ಮನಿಯ ಚದುರಂಗ ಪತ್ರಿಕೆಯಲ್ಲಿ ಮತ್ತೆ ಅಚ್ಚಾದವು. ಅದೇ ವರ್ಷ ಇಂಗ್ಲೆಂಡಿನ 'ಚೆಸ್' ಮಾಸಿಕದ ಮೂಲಕ ಶತ್ರುರಾಷ್ಟ್ರಗಳಿಗೂ ತಲುಪಿದವು. ಅಲೆಖಿನ್ ಮ್ಯೂನಿಕ್, ಸಾಲ್ಸ್‌ಬರ್ಗ್, ಪ್ರಾಗ್ ನಗರಗಳಲ್ಲಿ, ನಾಜಿ ಹಿಡಿತದ ಪೋಲೆಂಡಿನಲ್ಲಿ ಕೂಡ ಪಂದ್ಯಾವಳಿ ಆಡುತ್ತ ಹೋದರು. ಪೋಲೆಂಡಿನ ಹಿರಿಯ ಯಹೂದಿ ಆಟಗಾರ ದಾವಿದ್ ಪ್ಷೆಪ್ಯುರ್ಕಾ ಬಂಧನಕ್ಕೊಳಗಾಗಿ 1940ರಲ್ಲೇ ವಾರ್ಸಾ ಹೊರವಲಯದ ಕಾಡಿನಲ್ಲಿ ಕೊಲೆಯಾಗಿದ್ದರು. ಆ ನೆಲದಲ್ಲಿ ಮಣೆ ಹಾಸಿ ಕೂತದ್ದು ನನಗೆ ಲೇಖನಗಳಷ್ಟೇ ಕಷ್ಟ ಕೊಡುತ್ತದೆ.

ಯುದ್ಧದ ಗಾಳಿ ತಿರುಗಿದಾಗ ಅಲೆಖಿನ್ ಅವರ ಮಾತೂ ತಿರುಗಿತು. 1941ರ ಸೆಪ್ಟೆಂಬರಿನಲ್ಲಿ ಮ್ಯಾಡ್ರಿಡ್ಡಿನ ಪತ್ರಿಕೆಗಳಿಗೆ ಕೊಟ್ಟ ಸಂದರ್ಶನದಲ್ಲಿ, ಚದುರಂಗವನ್ನು ಜನಾಂಗದ ಕಣ್ಣಿನಿಂದ ನೋಡಿದ ಮೊದಲಿಗ ತಾನೆಂಬಂತೆ ಹೆಮ್ಮೆಯಿಂದಲೇ ಹೇಳಿಕೊಂಡಿದ್ದರು. 1944ರ ಕೊನೆಯಲ್ಲಿ ಬ್ರಿಟಿಷ್ ಪತ್ರಿಕೆಯೊಂದಕ್ಕೆ ಹೇಳಿದ್ದೇ ಬೇರೆ: ದೇಶ ಬಿಡಲು ಅನುಮತಿ ಬೇಕಿತ್ತು, ಎರಡು ಲೇಖನ ಬರೆದುಕೊಟ್ಟೆ, ಜರ್ಮನರು ಅದನ್ನು ತಿದ್ದಿ ತಮ್ಮದನ್ನು ತುಂಬಿದರು. ಯುದ್ಧ ಮುಗಿದ ಮೇಲೆ ಲಂಡನ್ ಪಂದ್ಯಾವಳಿಗೆ ಬಂದಿದ್ದ ಆಹ್ವಾನ ವಾಪಸಾಯಿತು. ನೆದರ್ಲೆಂಡ್ಸಿನ ಮ್ಯಾಕ್ಸ್ ಯೂವೆ ಮತ್ತು ಅಮೆರಿಕದ ಆಟಗಾರರು ವಿರೋಧಿಸಿದ್ದರು. 1945ರ ಡಿಸೆಂಬರಿನಲ್ಲಿ ಅಲೆಖಿನ್ ಸಂಘಟಕರಿಗೆ ಬಹಿರಂಗ ಪತ್ರ ಬರೆದು, ಆ ಲೇಖನಗಳು ತಮ್ಮವಲ್ಲ ಎಂದರು. ಆದರೆ ಆ ಲೇಖನಗಳ ಪ್ರತಿಗಳನ್ನು ಅಲೆಖಿನ್ ಕೈಬರಹದಲ್ಲೇ ಕಂಡಿದ್ದಾಗಿ, ಅವರ ಪತ್ನಿ ಸತ್ತ ಎಷ್ಟೋ ವರ್ಷಗಳ ಮೇಲೆ ಫ್ರಾನ್ಸಿನ ಲೇಖಕರೊಬ್ಬರು ಬರೆದಿದ್ದಾರೆ.

ಪತ್ನಿ ಫ್ರಾನ್ಸಿನಲ್ಲಿದ್ದರು, ಅವರ ಆಸ್ತಿಪಾಸ್ತಿ ಜರ್ಮನರ ಕೈಯಲ್ಲಿತ್ತು. ಹೆದರಿಕೆ ನಿಜವೇ ಇದ್ದಿರಬೇಕು. ಎಷ್ಟು ವಾಕ್ಯ ಅವರದು, ಎಷ್ಟು ಸಂಪಾದಕರದು ಎಂದು ತೂಗುವುದರಲ್ಲಿ ಚರಿತ್ರೆಕಾರರು ಇನ್ನೂ ತೊಡಗಿದ್ದಾರೆ. ನನ್ನ ತೀರ್ಮಾನಕ್ಕೆ ಮ್ಯಾಡ್ರಿಡ್ ಸಂದರ್ಶನವೇ ಸಾಕು. ಅಲ್ಲಿ ಅವರ ಕತ್ತಿನ ಮೇಲೆ ಪ್ಯಾರಿಸ್ಸಿನ ಸಂಪಾದಕನ ಕೈ ಇರಲಿಲ್ಲ.

1946ರ ಮಾರ್ಚ್ 24ರಂದು ಪೋರ್ಚುಗಲ್ಲಿನ ಎಸ್ತೋರಿಲ್‌ನ ಹೋಟೆಲ್ ಕೋಣೆಯಲ್ಲಿ ಒಬ್ಬಂಟಿಯಾಗಿ, ಇನ್ನೂ ಲೋಕದ ಚಾಂಪಿಯನ್ ಆಗಿಯೇ ತೀರಿಕೊಂಡರು. ಓವರ್‌ಕೋಟು ತೊಟ್ಟು ಕುರ್ಚಿಯಲ್ಲಿ ಒರಗಿದ ದೇಹ, ಪಕ್ಕದಲ್ಲಿ ಚದುರಂಗದ ಮಣೆ: ಆ ಫೋಟೊ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. ಆಮೇಲೆ ನಡೆದದ್ದನ್ನು ಗಮನಿಸಿ. ಶತ್ರು ಎಂದು ಬರೆದಿದ್ದ ಕ್ರಿಲೆಂಕೊ ಸ್ಟಾಲಿನ್ ಕಾಲದಲ್ಲಿ, 1938ರಲ್ಲೇ ಗುಂಡಿಗೆ ಬಲಿಯಾಗಿದ್ದರು. ಯುದ್ಧಾನಂತರ ಸೋವಿಯತ್ ಒಕ್ಕೂಟ ಚದುರಂಗದಲ್ಲಿ ಲೋಕಕ್ಕೇ ಮೊದಲಾಗಿ ನಿಂತಾಗ ಅದಕ್ಕೊಬ್ಬ ಪೂರ್ವಜ ಬೇಕಾದ. ಅಲೆಖಿನ್ ಮತ್ತೆ ರಷ್ಯದ ಮಹಾಪುತ್ರ ಆದರು. 1956ರಲ್ಲಿ ಮಾಸ್ಕೋದಲ್ಲಿ ಅವರ ಸ್ಮಾರಕ ಪಂದ್ಯಾವಳಿ ನಡೆಯಿತು. ಅದೇ ವರ್ಷ ಅವರ ಅವಶೇಷ ಪ್ಯಾರಿಸ್ಸಿನ ಮೊಂಪರ್ನಾಸ್ ಸ್ಮಶಾನಕ್ಕೆ ಬಂತು. ಆ ಗೋರಿಕಲ್ಲಿನ ಮೇಲೆ ಹುಟ್ಟಿದ ದಿನವೂ ತಪ್ಪು, ಸತ್ತ ದಿನವೂ ತಪ್ಪು.

ಮೈಸೂರಿಗೆ ಹಿಂದಿರುಗಿದರೆ ಇಂಥದೇ ಹೊರಳು ಅಲ್ಲೂ ಇದೆ. 1833ರಲ್ಲಿ ಹಾಕರ್, ಮಾರಿಸನ್, ಮೆಕ್ಲಿಯೋಡ್, ಮಾರ್ಕ್ ಕಬ್ಬನ್ ಇದ್ದ ಸಮಿತಿ ದಂಗೆಯ ಕಾರಣಗಳನ್ನು ವಿಚಾರಿಸಿ ವರದಿ ಕೊಟ್ಟಿತು. ಮರುವರ್ಷ ಬೆಂಟಿಂಕ್ ಸ್ವತಃ ಮೈಸೂರಿಗೆ ಬಂದು ದೊರೆಯನ್ನು ಕಂಡರು. ತಾವು ಕೈಗೊಂಡ ಕ್ರಮ ಒಪ್ಪಂದದ ಪ್ರಕಾರ ಸರಿಯೇ ಎಂಬ ಅನುಮಾನ ಅವರಿಗೇ ಮೂಡಿತು. ಕಪ್ಪ ಬರುವುದಿಲ್ಲವೆಂಬ ಭಯಕ್ಕೆ ಬರೆದ ಕಲಮಿನ ಮೇಲೆ ರಾಜ್ಯ ತೆಗೆದುಕೊಂಡಿದ್ದರು, ಆದರೆ ದೊರೆ ಕಪ್ಪ ನಿಲ್ಲಿಸಿರಲಿಲ್ಲ. ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬಹುದೆಂದು ಬೆಂಟಿಂಕ್ ಲಂಡನ್ನಿಗೆ ಬರೆದರು. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ತೆಗೆದುಕೊಂಡವನೇ ಅಳುಕಿದ್ದು ಪಠ್ಯಪುಸ್ತಕಕ್ಕೆ ಬರಲಿಲ್ಲ.

ಆಮೇಲೆ 1857. ಉತ್ತರ ಹಿಂದೂಸ್ತಾನ ಹೊತ್ತಿ ಉರಿಯುತ್ತಿದ್ದಾಗ ಮುಮ್ಮಡಿಯವರು ಬ್ರಿಟಿಷರ ಪರ ನಿಂತರು. ದಂಗೆ ಅಡಗಿದ ಮೇಲೆ ಗವರ್ನರ್ ಜನರಲ್ ಕ್ಯಾನಿಂಗ್ ಅವರಿಂದ ಕೃತಜ್ಞತೆಯ ಪತ್ರ ಬಂತು. ಆಡಳಿತಕ್ಕೆ ನಾಲಾಯಕ್ಕೆಂದು ಕಡತ ಸೇರಿದ್ದ ದೊರೆ ಈಗ ನಂಬಿಕಸ್ತ ಮಿತ್ರ. 1860ರ ದಶಕದಲ್ಲಿ ಮೈಸೂರಿನ ಪ್ರಶ್ನೆ ಲಂಡನ್ನಿನಲ್ಲಿ ಅಚ್ಚಿನ ಯುದ್ಧವಾಯಿತು. ಮೇಜರ್ ಇವಾನ್ಸ್ ಬೆಲ್ ಮೈಸೂರನ್ನು ನುಂಗಬಾರದೆಂದು ಪುಸ್ತಕವನ್ನೇ ಬರೆದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡ ದೊರೆಗೆ, ಆ ದತ್ತುವಿಗೆ ರಾಜ್ಯ ಹಿಂದಿರುಗುತ್ತದೆಂಬ ಭರವಸೆ 1867ರಲ್ಲಿ ಸಿಕ್ಕಿತು. 1868ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. 1881ರಲ್ಲಿ ರಾಜ್ಯ ಮರಳಿತು. ಒಂದು ಯುದ್ಧ ಕೆಡಿಸಿದ ಹೆಸರನ್ನು ಇನ್ನೊಂದು ಯುದ್ಧ ಅರ್ಧ ಸರಿಮಾಡಿತು. ಈ ನಡುವೆ ದೊರೆ ಬದಲಾಗಿರಲಿಲ್ಲ, ಅವರ ಮಣೆಯೂ ಬದಲಾಗಿರಲಿಲ್ಲ.

ಅಲೆಖಿನ್ ಮತ್ತು ಮುಮ್ಮಡಿಯವರನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಬ್ಬರ ಹೆಸರಿಗೆ ಮಸಿ ಬಂದದ್ದು ತಮ್ಮದೇ ಸಹಿಯ ಕೆಳಗೆ ಅಚ್ಚಾದ ವಿಷದಿಂದ. ಆ ವಿಷ ಕೊಲೆಗಾರರ ಕೈ ಬಲಪಡಿಸಿತು. ಇನ್ನೊಬ್ಬರ ಬಗ್ಗೆ ಬರೆದವರೆಲ್ಲ ಬೇರೆಯವರು. ಆದರೆ ಇಬ್ಬರ ಆಟವೂ ಈ ಗದ್ದಲದ ಹೊರಗೆ ಉಳಿದಿದೆ. ಅಲೆಖಿನ್ ಆಡಿದ ಎಷ್ಟೋ ಆಟಗಳ ನಡೆಗಳು ಬರಹದಲ್ಲಿವೆ, ಯಾವ ಹಳ್ಳಿಯ ಹುಡುಗಿಯಾದರೂ ಅವನ್ನು ಮಣೆಯ ಮೇಲೆ ಇಟ್ಟು ನೋಡಬಹುದು. ಮುಮ್ಮಡಿಯವರ 144 ಮನೆಗಳ ಮೊತ್ತವನ್ನು ಸಾಲು ಸಾಲಾಗಿ ಕೂಡಿ ನೋಡಬಹುದು, ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ನಗರ ಸೀಮೆಯವನಾಗಿ ನನಗೆ ಇನ್ನೊಂದು ಹೇಳುವುದಿದೆ. ಮುಮ್ಮಡಿಯವರ ಹೆಸರನ್ನು ಕಂಪನಿಯ ಕಡತದಿಂದ ಬಿಡಿಸುವ ಆತುರದಲ್ಲಿ ಕೂಟ ಸೇರಿದ ರೈತರನ್ನು ಮರೆಯಬಾರದು. ದೊರೆಯನ್ನು ಪ್ರೀತಿಸಿ ಬರೆಯುವವರು ನಗರದ ದಂಗೆಯನ್ನು ಕೆಲವು ಅಧಿಕಾರಿಗಳ ಪಿತೂರಿ ಎಂದೋ, ಪಾಳೆಯಗಾರರ ಆಸೆ ಎಂದೋ ಮುಗಿಸಿಬಿಡುತ್ತಾರೆ. ಪಿತೂರಿ ಇತ್ತು, ಆಸೆಯೂ ಇತ್ತು. ಅದರ ಕೆಳಗೆ ಬಾಕಿಗಾಗಿ ಎತ್ತು, ಪಾತ್ರೆ ಕಳೆದುಕೊಂಡ ಮನೆಗಳೂ ಇದ್ದವು. ರೈತರ ಸಂಕಟವನ್ನು ಕಂಪನಿ ದೊರೆಯ ಮೇಲಿನ ಸಾಕ್ಷಿಯಾಗಿ ಬಳಸಿಕೊಂಡಿತು. ಮುಂದೆ ಕಮಿಷನರ್ ಆದ ಕಬ್ಬನ್ ಕಾಲದಲ್ಲಿ ನೂರಾರು ಚಿಲ್ಲರೆ ತೆರಿಗೆಗಳು ರದ್ದಾದದ್ದು ನಿಜ, ಆ ಮಟ್ಟಿಗೆ ಕೂಟ ಗೆದ್ದಿತು. ಆದರೆ ಗಲ್ಲಿಗೇರಿದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ.

ಅದೇ ಸಾಗರ ತಾಲ್ಲೂಕಿನಲ್ಲಿ, ನೂರಿಪ್ಪತ್ತು ವರ್ಷಗಳ ಮೇಲೆ, 1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಅನ್ಯಾಯದ ವಿರುದ್ಧ ಎದ್ದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಅವರ ಜೊತೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಸಾಗರದ ಹೆಸರು ದೇಶದ ಪತ್ರಿಕೆಗಳಲ್ಲಿ ಬಂತು. ಕಾಗೋಡು ಇವತ್ತು ಭೂಸುಧಾರಣೆಯ ಚರ್ಚೆಯಲ್ಲಿ ತಪ್ಪದೆ ಬರುವ ಹೆಸರು. 1830ರ ಕೂಟಕ್ಕೆ ಪತ್ರಿಕೆ ಇರಲಿಲ್ಲ, ಲೋಹಿಯಾ ಇರಲಿಲ್ಲ.

ನಗರದ ಕೋಟೆಗೆ ಪ್ರವಾಸ ಬರುವ ಮಕ್ಕಳಿಗೆ ನಾವು ಕೆಳದಿಯ ಅರಸರ ಕಥೆ, ಹೈದರಾಲಿಯ ಕಥೆ ಹೇಳಿ ಬಸ್ಸು ಹತ್ತಿಸುತ್ತೇವೆ. 1830ರ ಆಗಸ್ಟಿನಿಂದ 1831ರ ಜೂನ್‌ವರೆಗಿನ ಕಥೆಯನ್ನೂ ಅಲ್ಲೇ ನಿಂತು ಹೇಳಬೇಕು. ಶಿಸ್ತು ಎಂದರೆ ಏನಾಗಿತ್ತು, ಶರತ್ತು ಅದನ್ನು ಹೇಗೆ ಮುರಿಯಿತು, ಕೂಟ ಏಕೆ ಸೇರಿತು, ಕೋಟೆ ಬಿದ್ದ ಮೇಲೆ ಅದರ ಕಥೆಯನ್ನು ಯಾರು ಬರೆದರು ಎಂಬುದನ್ನು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಮೇಷ್ಟರುಗಳೇ ಹೇಳಬೇಕು.